ದುಬೈನಲ್ಲಿ ಕೆಫೆಟೇರಿಯಾ ತೆರೆಯಲು ಇನ್ವೆಸ್ಟರ್ ವೀಸಾ ಒಂದಿದ್ದರೆ ಸಾಕಾ?

ಪ್ರಶ್ನೆ: ನಾನು ಬ್ರಹ್ಮಾವರದ ಹತ್ತಿರ 12 ವರ್ಷದಿಂದ ಸಣ್ಣ ಹೋಟೆಲ್ ನಡೆಸುತ್ತಿದ್ದೇನೆ. ನನ್ನ ಭಾವ ದುಬೈನಲ್ಲಿ ಅಕೌಂಟೆಂಟ್. ಇಬ್ಬರೂ ಸೇರಿ ಕರಾಮಾ ಕಡೆ ಒಂದು ಕೆಫೆಟೇರಿಯಾ ಹಾಕುವ ಯೋಚನೆ ಇದೆ. ಒಬ್ಬ ಏಜೆಂಟರು ಫ್ರೀ ಝೋನ್ ಲೈಸೆನ್ಸ್ ಜೊತೆಗೆ 2 ವರ್ಷದ ಇನ್ವೆಸ್ಟರ್ ವೀಸಾ ಪ್ಯಾಕೇಜ್ ಮಾಡಿಕೊಡುತ್ತೇನೆ ಅಂದಿದ್ದಾರೆ. ಮೊದಲು ವೀಸಾ ಮಾಡಿಸಿ, ಅಂಗಡಿ ಆಮೇಲೆ ನೋಡಿದರಾಯ್ತು ಅನ್ನುತ್ತಾರೆ. ಇದು ಸರಿಯಾ? ಅರಬಿ ಸ್ಪಾನ್ಸರ್ ಬೇಕಾ? ತೋಟದ ಮೇಲೆ ಬ್ಯಾಂಕ್ ಸಾಲ ತೆಗೆದು ಹಣ ಕಳಿಸಬಹುದಾ? ಹೆಂಡತಿ ಮತ್ತು 6 ವರ್ಷದ ಮಗಳನ್ನು ಕರೆದುಕೊಂಡು ಹೋಗಬಹುದಾ? ಇಲ್ಲಿನ ಹೋಟೆಲನ್ನೂ ನೋಡಬೇಕಲ್ಲ, ವರ್ಷಕ್ಕೆ ಎರಡು ಸಲ ಹೋಗಿ ಬಂದರೆ ನಡೆಯುತ್ತಾ?

ಉತ್ತರ: ಏಜೆಂಟರಿಗೆ ಇನ್ನೂ ಅಡ್ವಾನ್ಸ್ ಕೊಟ್ಟಿಲ್ಲ ಅಂದುಕೊಂಡು ಬರೆಯುತ್ತಿದ್ದೇನೆ. ಕೊಟ್ಟಿಲ್ಲ ಅಂದರೆ ಸದ್ಯಕ್ಕೆ ಕೊಡಬೇಡಿ.

ಅವರು ಹೇಳುವ ವೀಸಾ ಸುಳ್ಳಲ್ಲ. ಫ್ರೀ ಝೋನ್ ಕಂಪನಿಯಲ್ಲಿ ಪಾಲು ತೆಗೆದುಕೊಂಡವರಿಗೆ 2 ವರ್ಷದ ರೆಸಿಡೆನ್ಸ್ ಸಿಗುತ್ತದೆ. ಅಲ್ಲಿನ ಗುರುತಿನ ಚೀಟಿ ಎಮಿರೇಟ್ಸ್ ಐಡಿಯೂ ಕೈಗೆ ಬರುತ್ತದೆ. ಆದರೆ ಆ ಲೈಸೆನ್ಸ್ ಇಟ್ಟುಕೊಂಡು ನೀವು ಕರಾಮಾದಲ್ಲಿ ಒಂದು ಲೋಟ ಚಹಾ ಮಾರುವಂತಿಲ್ಲ. ಫ್ರೀ ಝೋನ್ ಅಂದರೆ ಅದರದ್ದೇ ಗಡಿ, ಅದರದ್ದೇ ಕಚೇರಿ, ಅದರದ್ದೇ ನಿಯಮ. 1985ರಲ್ಲಿ ಜೆಬೆಲ್ ಅಲಿಯಲ್ಲಿ ಶುರುವಾದ ಈ ಪದ್ಧತಿ ಆಮದು ರಫ್ತು ಮಾಡುವವರಿಗೆ, ಐಟಿಯವರಿಗೆ, ಕನ್ಸಲ್ಟೆಂಟರಿಗೆ ತುಂಬಾ ಅನುಕೂಲ. 2025ರಿಂದ ದುಬೈನ ಫ್ರೀ ಝೋನ್ ಕಂಪನಿಗಳು ಪರ್ಮಿಟ್ ಪಡೆದು ಹೊರಗೂ ಕೆಲಸ ಮಾಡುವ ದಾರಿ ತೆರೆದಿದೆ. ಆದರೆ ಅದು ಕೂಡ ಸದ್ಯಕ್ಕೆ ಕನ್ಸಲ್ಟೆನ್ಸಿ, ಟೆಕ್ನಾಲಜಿ, ಟ್ರೇಡಿಂಗ್ ಥರದ ಕೆಲಸಕ್ಕೆ. ಬೀದಿಗೆ ಬಾಗಿಲು ತೆರೆದ, ಒಲೆ ಉರಿಯುವ ಅಂಗಡಿಗೆ ನಿಮಗೆ ಬೇಕಾದದ್ದು ಮೈನ್‌ಲ್ಯಾಂಡ್ ಲೈಸೆನ್ಸ್, ಅಂದರೆ ಫ್ರೀ ಝೋನ್ ಹೊರಗಿನ ಊರಿನಲ್ಲಿ ವ್ಯಾಪಾರ ಮಾಡುವ ಲೈಸೆನ್ಸ್. ಅದನ್ನು ಕೊಡುವುದು ದುಬೈನ ಆರ್ಥಿಕ ಮತ್ತು ಪ್ರವಾಸೋದ್ಯಮ ಇಲಾಖೆ. ಹಳಬರು ಅದನ್ನು ಈಗಲೂ ಡಿಇಡಿ ಅಂತಲೇ ಕರೆಯುತ್ತಾರೆ.

ಲೈಸೆನ್ಸ್ ಆದ ಮೇಲೆ ಪಾಲುದಾರರ ವೀಸಾ ಅದರ ಹಿಂದೆಯೇ ಬರುತ್ತದೆ. ಎಂಟ್ರಿ ಪರ್ಮಿಟ್, ರಕ್ತ ಪರೀಕ್ಷೆ, ಎದೆಯ ಎಕ್ಸ್‌ರೇ, ಬೆರಳಚ್ಚು, ಐಡಿ ಕಾರ್ಡ್. ಸರ್ಕಾರಿ ಅರ್ಜಿ ತುಂಬಿ ಕೊಡುವ ಟೈಪಿಂಗ್ ಸೆಂಟರ್‌ನವರು ದಿನಕ್ಕೆ ಎಷ್ಟೋ ಇಂಥ ಅರ್ಜಿ ಮಾಡುತ್ತಾರೆ. ಇಡೀ ವ್ಯವಹಾರದಲ್ಲಿ ಅತಿ ಸುಲಭದ ಭಾಗ ಇದು. ಇದನ್ನೇ ಮುಂದಿಟ್ಟು ಪ್ಯಾಕೇಜ್ ಮಾರುವವರ ಮಾತು ಕೇಳಿ ಅದೆಷ್ಟೋ ಜನ ಊರಿನವರು ವೀಸಾ ಕೈಯಲ್ಲಿ ಹಿಡಿದು, ಅಂಗಡಿ ಇಲ್ಲದೆ, ಎರಡನೇ ವರ್ಷ ಲೈಸೆನ್ಸ್ ನವೀಕರಿಸಲು ದುಡ್ಡಿಲ್ಲದೆ ಕೂತಿದ್ದನ್ನು ನೋಡಿದ್ದೇನೆ. ನನಗೆ ಸಂಕಟವಾಗುವುದು ಅದಕ್ಕೇ.

ಅರಬಿ ಸ್ಪಾನ್ಸರ್ ವಿಷಯ. ಮೊದಲು ಮೈನ್‌ಲ್ಯಾಂಡ್ ಕಂಪನಿಯಲ್ಲಿ ಶೇ 51ರಷ್ಟು ಪಾಲು ಅಲ್ಲಿನ ಪ್ರಜೆಯ ಹೆಸರಿನಲ್ಲಿ ಇರಬೇಕಿತ್ತು. ಕಫೀಲ್‌ಗೆ, ಅಂದರೆ ಆ ಸ್ಪಾನ್ಸರ್‌ಗೆ, ವರ್ಷಕ್ಕೆ ಇಷ್ಟು ಅಂತ ಕೊಡುವುದು ರೂಢಿಯಾಗಿತ್ತು. 2021ರ ಜೂನ್ 1ರಿಂದ ಆ ಕಾನೂನು ಬದಲಾಗಿದೆ. ಈಗ ಹೆಚ್ಚಿನ ವ್ಯಾಪಾರಗಳಲ್ಲಿ ಪೂರ್ತಿ ಶೇ 100 ಪಾಲೂ ನಿಮ್ಮದೇ ಇರಬಹುದು. ಕೆಫೆಟೇರಿಯಾಕ್ಕೂ ಇದು ಅನ್ವಯಿಸುತ್ತದೆ. ಹಾಗಾಗಿ ಯಾರಾದರೂ "ಅರಬಿಯ ಫೀಸು" ಅಂತ ದೊಡ್ಡ ಮೊತ್ತ ಬರೆದು ಕೊಟ್ಟರೆ, ಅದು ಯಾವ ಸೇವೆಗೆ ಅಂತ ಕೇಳಿ. ನಿಮ್ಮ ಭಾವನಿಗೂ ಹಳೆಯ ಲೆಕ್ಕವೇ ತಲೆಯಲ್ಲಿ ಇರಬಹುದು, ಹೇಳಿಬಿಡಿ.

ಈಗ ಅಂಗಡಿಗೆ ಬರೋಣ. ಇಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕು.

ಕ್ರಮ ಹೀಗೆ ಇರುತ್ತದೆ. ಮೊದಲು ಅಂಗಡಿಯ ಹೆಸರನ್ನು ಕಾದಿರಿಸಬೇಕು. ಆಮೇಲೆ ಇಲಾಖೆಯಿಂದ ಇನಿಶಿಯಲ್ ಅಪ್ರೂವಲ್. ಅಂದರೆ ನೀವು ಈ ವ್ಯಾಪಾರ ಮಾಡಲು ನಮ್ಮ ಆಕ್ಷೇಪ ಇಲ್ಲ ಅಂತ ಅಷ್ಟೇ, ಶುರು ಮಾಡಿ ಅಂತ ಅಲ್ಲ. ನಂತರ ಪಾಲುದಾರರ ಒಪ್ಪಂದ. ಜಾಗ ಹಿಡಿದು ಬಾಡಿಗೆ ಕರಾರನ್ನು ಇಜಾರಿಯಲ್ಲಿ, ಅಂದರೆ ದುಬೈ ಸರ್ಕಾರದ ಬಾಡಿಗೆ ನೋಂದಣಿಯಲ್ಲಿ, ನೋಂದಾಯಿಸಬೇಕು. ಆಹಾರದ ವ್ಯಾಪಾರ ಆದ್ದರಿಂದ ಅಡುಗೆಮನೆಯ ನಕ್ಷೆಗೆ ದುಬೈ ಮುನ್ಸಿಪಾಲಿಟಿ ಒಪ್ಪಬೇಕು. ಬೆಂಕಿ, ಗ್ಯಾಸ್ ವಿಷಯಕ್ಕೆ ಸಿವಿಲ್ ಡಿಫೆನ್ಸ್, ಅಂದರೆ ಅಲ್ಲಿನ ಅಗ್ನಿಶಾಮಕ ಇಲಾಖೆ, ಒಪ್ಪಬೇಕು. ಇಷ್ಟೆಲ್ಲ ಆದ ಮೇಲೆ ಕೊನೆಯ ಲೈಸೆನ್ಸ್.

ಎಡವುವುದು ಬಾಡಿಗೆ ಕರಾರು ಮತ್ತು ಮುನ್ಸಿಪಾಲಿಟಿ ಒಪ್ಪಿಗೆ ಇವೆರಡರ ಮಧ್ಯೆ. ಇದನ್ನು ನಾನು ನಷ್ಟ ಮಾಡಿಕೊಂಡೇ ಕಲಿತೆ. ನನ್ನ ಮೊದಲ ಅಂಗಡಿ ಹಿಡಿದಾಗ ಬ್ರೋಕರ್ ಮಾತು ನಂಬಿ ಸಹಿ ಹಾಕಿದೆ. ಒಳ್ಳೆಯ ಮೂಲೆ ಅಂಗಡಿ, ಎದುರಿಗೆ ಬಸ್ ಸ್ಟಾಪ್. ಆದರೆ ಅಡುಗೆಮನೆಯ ಹೊಗೆ ಕಟ್ಟಡದ ಮೇಲಿನ ತನಕ ಹೋಗಲು ಡಕ್ಟ್‌ಗೆ ಜಾಗವೇ ಇರಲಿಲ್ಲ. ಮೇಲಿನ ಮನೆಗಳ ಕಿಟಕಿ ಮುಂದೆ ಹಾದು ಹೋಗಲು ಕಟ್ಟಡದವರು ಬಿಡಲಿಲ್ಲ. ನಕ್ಷೆಗೆ ಒಪ್ಪಿಗೆ ಸಿಗಲಿಲ್ಲ. ಬೀಗ ಹಾಕಿದ ಅಂಗಡಿಗೆ 5 ತಿಂಗಳ ಬಾಡಿಗೆ ಹೋಯಿತು. ಆ 5 ತಿಂಗಳು ಮನೆಗೆ ಫೋನ್ ಮಾಡಲೂ ಮನಸ್ಸು ಬರುತ್ತಿರಲಿಲ್ಲ. ಅದಕ್ಕೇ ಹೇಳುತ್ತೇನೆ, ಸಹಿಗೆ ಮೊದಲು ಕಿಚನ್ ಕೆಲಸ ಗೊತ್ತಿರುವ ಒಬ್ಬ ಗುತ್ತಿಗೆದಾರನನ್ನು ಕರೆದುಕೊಂಡು ಹೋಗಿ ಮೂರು ವಿಷಯ ನೋಡಿಸಿ: ಹೊಗೆ ಎಲ್ಲಿಂದ ಹೋಗುತ್ತದೆ, ಜಿಡ್ಡಿನ ನೀರು ಹಿಡಿಯುವ ಗ್ರೀಸ್ ಟ್ರ್ಯಾಪ್ ಎಲ್ಲಿ ಕೂರುತ್ತದೆ, ಗ್ಯಾಸ್ ಲೈನ್ ಇದೆಯಾ ಇಲ್ಲವಾ. ಗೋಳಿಬಜೆ, ಬನ್ಸ್ ಕರಿಯುವ ಅಂಗಡಿಗೆ ಈ ಮೂರೂ ಸರಿ ಇರಲೇಬೇಕು. ಎಣ್ಣೆಯ ಕೆಲಸ ಇಲ್ಲದ ಜ್ಯೂಸ್ ಅಂಗಡಿಯಾದರೆ ಅಷ್ಟು ತಲೆಬಿಸಿ ಇಲ್ಲ.

ನಡೆಯುತ್ತಿರುವ ಕೆಫೆಟೇರಿಯಾವನ್ನೇ ಕೀ ಮನಿ, ಅಂದರೆ ಅಂಗಡಿ ಬಿಟ್ಟುಕೊಡಲು ಈಗಿನವರಿಗೆ ಕೊಡುವ ಹಣ, ಕೊಟ್ಟು ತೆಗೆದುಕೊಳ್ಳುವುದು ಇನ್ನೊಂದು ದಾರಿ. ಒಪ್ಪಿಗೆಗಳು ಮೊದಲೇ ಇರುತ್ತವೆ. ನಿಮ್ಮಂಥ ಹೊಸಬರಿಗೆ ನನ್ನ ಒಲವು ಇದರ ಕಡೆಗೇ. ಆದರೆ ಹಳೆಯ ದಂಡ, ಬಾಕಿ ಬಾಡಿಗೆ, ಕೆಲಸಗಾರರ ಬಾಕಿ ಸಂಬಳ ಎಲ್ಲ ಚುಕ್ತಾ ಆಗಿದೆಯಾ ಅಂತ ದಾಖಲೆ ನೋಡದೆ ಒಂದು ದಿರ್ಹಮ್ ಕೊಡಬೇಡಿ. ಕಟ್ಟಡದ ಮಾಲೀಕರು ನಿಮ್ಮ ಹೆಸರಿಗೆ ಕರಾರು ಮಾಡಿಕೊಡುತ್ತೇವೆ ಅಂತ ಬರೆದು ಕೊಡಬೇಕು. ಬಾಯಿಮಾತಿಗೆ ಅಲ್ಲಿ ಬೆಲೆ ಇಲ್ಲ.

ಬಾಡಿಗೆ ಅಂದೆನಲ್ಲ, ಅಲ್ಲಿ ತಿಂಗಳು ತಿಂಗಳು ಕೊಡುವ ಪದ್ಧತಿ ಕಡಿಮೆ. ವರ್ಷದ ಬಾಡಿಗೆಗೆ ಮುಂದಿನ ದಿನಾಂಕ ಹಾಕಿದ ಕೆಲವು ಚೆಕ್‌ಗಳನ್ನು ಮೊದಲೇ ಕೊಡಬೇಕು. ಚೆಕ್ ಎಷ್ಟು ಕಡಿಮೆಯೋ ಬಾಡಿಗೆಯಲ್ಲಿ ಅಷ್ಟು ಚೌಕಾಸಿ ಮಾಡಬಹುದು. ಆದರೆ ಹೊಸ ಅಂಗಡಿಗೆ ಜಾಸ್ತಿ ಚೆಕ್ ಕೇಳುವುದೇ ಒಳ್ಳೆಯದು. ಹಣ ಇಲ್ಲದೆ ಚೆಕ್ ವಾಪಸಾದರೆ ಪೊಲೀಸ್ ಕೇಸ್ ಆಗುವ ಕಾಲ 2022ರಿಂದ ಬಹುಮಟ್ಟಿಗೆ ಹೋಗಿದೆ. ಮೋಸದ ಉದ್ದೇಶ ಇದ್ದರೆ ಮಾತ್ರ ಕ್ರಿಮಿನಲ್. ಹಾಗಂತ ನಿರಾಳ ಆಗಬೇಡಿ. ಈಗ ವಾಪಸಾದ ಚೆಕ್ ಹಿಡಿದು, ಹಣ ಬರಬೇಕಾದವರು ದಾವೆ ಹೂಡದೆ ನೇರ ವಸೂಲಿ ಕೋರ್ಟಿಗೆ ಹೋಗಬಹುದು. ಖಾತೆ ಜಪ್ತಿ ಆಗಬಹುದು, ಪ್ರಯಾಣ ನಿಷೇಧವೂ ಬೀಳಬಹುದು. ಅಪ್ಪನಿಗೆ ಹುಷಾರಿಲ್ಲ ಅಂತ ಊರಿಗೆ ಹೊರಟವರನ್ನು ಏರ್‌ಪೋರ್ಟ್‌ನಲ್ಲಿ ನಿಲ್ಲಿಸಿದರೆ ಹೇಗಿರುತ್ತದೆ, ಯೋಚಿಸಿ.

ನಿಮ್ಮ ಪತ್ರದಲ್ಲಿ ನನಗೆ ಅತಿ ಹೆಚ್ಚು ಚಿಂತೆ ಹುಟ್ಟಿಸಿದ ಸಾಲು ತೋಟದ ಮೇಲಿನ ಸಾಲ. ಮೊದಲು ಕಾನೂನು ಹೇಳುತ್ತೇನೆ. ಭಾರತದಲ್ಲಿ ವಾಸ ಇರುವವರು ರಿಸರ್ವ್ ಬ್ಯಾಂಕಿನ ಎಲ್‌ಆರ್‌ಎಸ್ ಯೋಜನೆಯಡಿ ಒಂದು ಹಣಕಾಸು ವರ್ಷದಲ್ಲಿ 2,50,000 ಡಾಲರ್ ತನಕ ಹೊರಗೆ ಕಳಿಸಬಹುದು. ನಿಮಗೆ ಈ ಮಿತಿ ಧಾರಾಳ ಸಾಕು. ಆದರೆ ಹೊರದೇಶದಲ್ಲಿ ಬಂಡವಾಳ ಹೂಡಲು ಬ್ಯಾಂಕುಗಳು ಈ ಯೋಜನೆಯಡಿ ಸಾಲ ಕೊಡುವಂತಿಲ್ಲ. ಹಣ ನಿಮ್ಮದೇ ಅಂತ ನೀವು ಘೋಷಣೆಗೆ ಸಹಿ ಹಾಕುತ್ತೀರಿ. ತೋಟಕ್ಕೆ ಗೊಬ್ಬರ, ಮನೆ ರಿಪೇರಿ ಅಂತ ಕಾರಣ ಹೇಳಿ ಸಾಲ ತೆಗೆದು ದುಬೈಗೆ ಕಳಿಸಿದರೆ ಎರಡು ಕಡೆ ಸುಳ್ಳು ಹೇಳಿದ ಹಾಗೆ. ಬ್ಯಾಂಕ್ ಬಿಟ್ಟು ಹುಂಡಿಯಲ್ಲಿ (ಹವಾಲಾ) ಕಳಿಸುತ್ತೇನೆ ಅನ್ನುವವರ ಹತ್ತಿರವೂ ಹೋಗಬೇಡಿ. ಲಾಭ ಬಂದಾಗ ಆ ಹಣ ಎಲ್ಲಿಂದ ಬಂತು ಅಂತ ತೋರಿಸಲು ನಿಮ್ಮ ಹತ್ತಿರ ಒಂದು ಕಾಗದವೂ ಇರುವುದಿಲ್ಲ.

ಕಾನೂನು ಬಿಡಿ, ಹೊಟ್ಟೆಪಾಡಿನ ಲೆಕ್ಕದಲ್ಲೂ ಅದು ಬೇಡ. ಹೊಸ ಹೋಟೆಲ್ ಮೊದಲ ವರ್ಷ ಸಾಲದ ಕಂತು ಹುಟ್ಟಿಸುವುದು ಕಷ್ಟ ಅಂತ ನಿಮಗೇ ಗೊತ್ತಲ್ಲ. ಅಡಿಕೆ ತೋಟ ಹೋದರೆ ಮತ್ತೆ ಬರುವುದಿಲ್ಲ.

ಸ್ವಂತ ಉಳಿತಾಯ ಇದ್ದರೆ ದಾರಿ ಸ್ಪಷ್ಟ ಇದೆ. ಹೊರಗಿನ ಕಂಪನಿಯಲ್ಲಿ ಪಾಲು ತೆಗೆದುಕೊಳ್ಳುವುದಕ್ಕೆ 2022ರ ಆಗಸ್ಟ್‌ನಿಂದ ಹೊಸ ನಿಯಮಗಳಿವೆ. ನಿಮ್ಮ ಬ್ಯಾಂಕಿನಲ್ಲಿ ಫಾರ್ಮ್ ಎಫ್‌ಸಿ ಕೊಟ್ಟು, ಯುಐಎನ್ ಅನ್ನುವ ನಂಬರ್ ಬಂದ ಮೇಲೆಯೇ ಹಣ ಹೋಗಬೇಕು. ಪಾಲಿನ ದಾಖಲೆಯನ್ನು 6 ತಿಂಗಳ ಒಳಗೆ ಬ್ಯಾಂಕಿಗೆ ಕೊಡಬೇಕು. ಪ್ರತಿ ವರ್ಷ ಡಿಸೆಂಬರ್ 31ರ ಒಳಗೆ ಕಂಪನಿಯ ವಾರ್ಷಿಕ ವರದಿ ಸಲ್ಲಿಸಬೇಕು. ಸಣ್ಣ ಊರಿನ ಶಾಖೆಯಲ್ಲಿ ಇದು ಗೊತ್ತಿರುವುದಿಲ್ಲ. ಉಡುಪಿ ಅಥವಾ ಮಂಗಳೂರಿನಲ್ಲಿ ವಿದೇಶಿ ವಿನಿಮಯ ನೋಡುವ ಶಾಖೆಗೇ ಹೋಗಿ. ಸುಮ್ನೆ "ಸಂಬಂಧಿಕರ ಖರ್ಚಿಗೆ" ಅಂತ ಬರೆದು ಕಳಿಸಿದರೆ ಕೆಲಸ ಬೇಗ ಆಗುತ್ತದೆ ಅಂತ ಯಾರಾದರೂ ಹೇಳುತ್ತಾರೆ. ಕೇಳಬೇಡಿ. ವರ್ಷಕ್ಕೆ 10 ಲಕ್ಷ ರೂಪಾಯಿ ದಾಟಿದ ಭಾಗದ ಮೇಲೆ ಬ್ಯಾಂಕ್ ಶೇ 20 ಟಿಸಿಎಸ್ (ಮೊದಲೇ ಹಿಡಿದುಕೊಳ್ಳುವ ಆದಾಯ ತೆರಿಗೆ) ಹಿಡಿಯುತ್ತದೆ. ಅದು ಮುಳುಗುವ ಹಣ ಅಲ್ಲ, ರಿಟರ್ನ್ ಹಾಕುವಾಗ ನಿಮ್ಮ ತೆರಿಗೆಗೆ ಹೊಂದಿಕೆಯಾಗುತ್ತದೆ ಅಥವಾ ವಾಪಸ್ ಬರುತ್ತದೆ. ಆದರೆ ಅಷ್ಟು ತಿಂಗಳು ಆ ದುಡ್ಡು ನಿಮ್ಮ ಕೈಯಲ್ಲಿ ಇರುವುದಿಲ್ಲ, ಅದನ್ನು ಲೆಕ್ಕದಲ್ಲಿ ಇಟ್ಟುಕೊಳ್ಳಿ.

ನಿಮ್ಮ ಭಾವ ಎನ್‌ಆರ್‌ಐ. ಅಲ್ಲಿ ದುಡಿದ ದಿರ್ಹಮ್ ಹಾಕಲು ಅವರಿಗೆ ಈ ಯಾವ ತೊಡಕೂ ಇಲ್ಲ. ಹಾಗಾಗಿ ಶುರುವಿನ ಖರ್ಚು ಅವರ ಪಾಲಿನಿಂದ, ನಿಮ್ಮ ಪಾಲು ಯುಐಎನ್ ಬಂದ ಮೇಲೆ ಅಂತ ಮಾಡಿಕೊಂಡರೆ ಕೆಲಸ ನಿಲ್ಲುವುದಿಲ್ಲ. ಅವರು ಪಾಲುದಾರರಾಗಲು ಅವರ ಈಗಿನ ಕಂಪನಿಯ ಕರಾರು ಅಡ್ಡ ಬರುತ್ತದಾ ಅಂತ ಮೊದಲೇ ನೋಡಿಕೊಳ್ಳಲಿ. ಪಾಲು ಇದ್ದ ಮಾತ್ರಕ್ಕೆ ಸಂಜೆ ಬಂದು ಗಲ್ಲೆಯಲ್ಲಿ ಕೂರುವಂತಿಲ್ಲ, ಅದಕ್ಕೆ ಪಾರ್ಟ್ ಟೈಮ್ ಪರ್ಮಿಟ್ ಬೇಕು. ಕೆಲಸಗಾರರ ವಿಷಯದಲ್ಲೂ ಇದೇ ಎಚ್ಚರ. ಊರಿನ ಹುಡುಗ ವಿಸಿಟ್ ವೀಸಾದಲ್ಲಿ ಬಂದಿದ್ದಾನೆ, ಎರಡು ದಿನ ಕೈ ಜೋಡಿಸಲಿ ಅಂತ ನಿಲ್ಲಿಸಿಕೊಳ್ಳಬೇಡಿ. ಪರ್ಮಿಟ್ ಇಲ್ಲದವರನ್ನು ದುಡಿಸಿಕೊಂಡರೆ 2024ರ ತಿದ್ದುಪಡಿಯ ನಂತರ 1 ಲಕ್ಷದಿಂದ 10 ಲಕ್ಷ ದಿರ್ಹಮ್ ತನಕ ದಂಡ ಇದೆ. ಒಂದು ಕೆಫೆಟೇರಿಯಾ ಮುಚ್ಚಲು ಅಷ್ಟು ಸಾಕು.

ಬೇಜಾರು ಮಾಡಿಕೊಳ್ಳಬೇಡಿ, ಒಂದು ಮಾತು ಹೇಳಲೇಬೇಕು. ಭಾವ ಮೈದುನ ಅಂತ ಕಾಗದ ಮಾಡದೆ ಬಿಡಬೇಡಿ. ಯಾರ ಪಾಲು ಎಷ್ಟು, ಲೈಸೆನ್ಸ್‌ನಲ್ಲಿ ಮ್ಯಾನೇಜರ್ ಯಾರು, ಚೆಕ್‌ಗೆ ಸಹಿ ಯಾರದ್ದು, ಒಬ್ಬರು ಬಿಟ್ಟು ಹೋಗಬೇಕು ಅಂದರೆ ಪಾಲಿಗೆ ಬೆಲೆ ಹೇಗೆ ಕಟ್ಟುವುದು, ನಷ್ಟ ಎಲ್ಲಿಗೆ ಬಂದರೆ ಅಂಗಡಿ ಮುಚ್ಚುವುದು. ಐದೂ ಬರೆದಿಡಿ. ನಿಮ್ಮ ಹೆಂಡತಿ ಮತ್ತು ಅಕ್ಕ ಇಬ್ಬರೂ ಅದನ್ನು ಓದಲಿ. ಸಂಬಂಧ ಚೆನ್ನಾಗಿರುವಾಗಲೇ ಬರೆಯಬೇಕಾದ ಕಾಗದ ಇದು. ಕೆಟ್ಟ ಮೇಲೆ ಬರೆಯಲು ಯಾರೂ ಕೂರುವುದಿಲ್ಲ. ಬ್ಯಾಂಕ್ ಖಾತೆಗೂ ಯೋಚನೆ ಮಾಡಿ. ಅಲ್ಲಿ ಹೊಸ ಕಂಪನಿಗೆ ಖಾತೆ ತೆರೆಯಲು ವಾರಗಟ್ಟಲೆ ಹಿಡಿಯುತ್ತದೆ. ಖಾತೆದಾರರು ತೀರಿಕೊಂಡರೆ ಕೋರ್ಟಿನ ಕಾಗದ ಬರುವ ತನಕ ಖಾತೆ ಬಂದ್ ಆಗುತ್ತದೆ. ಇಬ್ಬರೂ ಒಂದು ವಿಲ್ ಬರೆದು ಅಲ್ಲಿ ನೋಂದಾಯಿಸಿ. ಮುಸ್ಲಿಮೇತರರಿಗೆ ಅಲ್ಲಿ ಆ ಅವಕಾಶ ಇದೆ.

ತೆರಿಗೆ ಬಗ್ಗೆ. ದುಬೈನಲ್ಲಿ ತೆರಿಗೆಯೇ ಇಲ್ಲ ಅನ್ನುವುದು ಹಳೆಯ ಮಾತು. ಸಂಬಳಕ್ಕೆ ಈಗಲೂ ಇಲ್ಲ. ಕಂಪನಿಯ ಲಾಭ 3,75,000 ದಿರ್ಹಮ್ ದಾಟಿದರೆ ಮೇಲಿನ ಭಾಗಕ್ಕೆ ಶೇ 9 ಇದೆ. ತೆರಿಗೆ ಬರಲಿ ಬಿಡಲಿ, ಈ ತೆರಿಗೆಗೆ ಕಂಪನಿಯ ನೋಂದಣಿ ಮಾಡಲೇಬೇಕು, ತಡವಾದರೆ 10,000 ದಿರ್ಹಮ್ ದಂಡ. ನಿಮಗೆ ದಿನನಿತ್ಯ ತಾಗುವುದು ವ್ಯಾಟ್. 12 ತಿಂಗಳ ವಹಿವಾಟು 3,75,000 ದಾಟಿದರೆ ಶೇ 5 ವ್ಯಾಟ್ ಕಟ್ಟಬೇಕು. ದಿನಕ್ಕೆ ಹಂಚಿ ನೋಡಿ, ಸುಮಾರು 1,030 ದಿರ್ಹಮ್ ವ್ಯಾಪಾರ. ಬಾಡಿಗೆ ಕಟ್ಟಿ ಬದುಕುವ ಯಾವ ಕೆಫೆಟೇರಿಯಾ ಆದರೂ ಅಷ್ಟು ಮಾಡಲೇಬೇಕು. ಮೆನುವಿನಲ್ಲಿ ಬರೆದ ಬೆಲೆಯಲ್ಲೇ ವ್ಯಾಟ್ ಸೇರಿರಬೇಕು. ಹಾಗಾಗಿ ಮಸಾಲೆ ದೋಸೆಗೆ ಬೆಲೆ ಇಡುವಾಗ ಮೊದಲ ದಿನದಿಂದಲೇ ಅದನ್ನು ಸೇರಿಸಿ. ಆರು ತಿಂಗಳಾದ ಮೇಲೆ ಏರಿಸಿದರೆ ಗಿರಾಕಿ ಪಕ್ಕದ ಅಂಗಡಿಗೆ ಹೋಗುತ್ತಾನೆ. ಕರಾಮಾದಲ್ಲಿ ಪಕ್ಕದ ಅಂಗಡಿ ನಿಜಕ್ಕೂ ಪಕ್ಕದಲ್ಲೇ ಇರುತ್ತದೆ.

ವರ್ಷಕ್ಕೆ ಎರಡು ಸಲ ಹೋಗಿ ಬಂದರೆ ನಡೆಯುತ್ತಾ ಅಂತ ಕೇಳಿದ್ದೀರಿ. ವೀಸಾ ಲೆಕ್ಕದಲ್ಲಿ, ಸತತ 6 ತಿಂಗಳಿಗಿಂತ ಜಾಸ್ತಿ ಹೊರಗಿದ್ದರೆ ಸಾಮಾನ್ಯ ರೆಸಿಡೆನ್ಸ್ ಅಸಿಂಧು ಆಗುತ್ತದೆ. 10 ವರ್ಷದ ಗೋಲ್ಡನ್ ವೀಸಾಕ್ಕೆ ಈ ನಿಯಮ ಇಲ್ಲ, ಆದರೆ ಆಸ್ತಿಯ ಲೆಕ್ಕದಲ್ಲಿ ಅದಕ್ಕೆ 20 ಲಕ್ಷ ದಿರ್ಹಮ್ ಬೆಲೆಯ ಆಸ್ತಿ ಬೇಕು, ನಮ್ಮ ಮಾತು ಅದಲ್ಲ. ಎರಡು ಸಲ ಹೋಗಿ ಬಂದರೆ ವೀಸಾ ಉಳಿಯಬಹುದು, ಅಂಗಡಿ ಉಳಿಯುವುದಿಲ್ಲ. ಬ್ರಹ್ಮಾವರದ ಹೋಟೆಲನ್ನು ವರ್ಷಕ್ಕೆ ಎರಡೇ ಸಲ ನೋಡಿದರೆ ಏನಾಗುತ್ತಿತ್ತು? ಅಲ್ಲೂ ಅದೇ. ಜೊತೆಗೆ ನೀವು ಊರಿನಲ್ಲೇ ಜಾಸ್ತಿ ದಿನ ಇದ್ದರೆ ಆದಾಯ ತೆರಿಗೆಯ ಲೆಕ್ಕದಲ್ಲಿ ಭಾರತದ ನಿವಾಸಿಯೇ. ದುಬೈ ಲಾಭಾಂಶಕ್ಕೆ ಇಲ್ಲಿ ತೆರಿಗೆ ಕಟ್ಟಬೇಕು. ಅಲ್ಲಿನ ಪಾಲು, ಬ್ಯಾಂಕ್ ಖಾತೆ ಎಲ್ಲ ರಿಟರ್ನ್‌ನ ವಿದೇಶಿ ಆಸ್ತಿ ಭಾಗದಲ್ಲಿ ತೋರಿಸಬೇಕು. ಮುಚ್ಚಿಟ್ಟರೆ 10 ಲಕ್ಷ ರೂಪಾಯಿ ದಂಡ ಹಾಕಲು ಕಪ್ಪುಹಣ ಕಾನೂನಿನಲ್ಲಿ ಅವಕಾಶ ಇದೆ. ನನ್ನ ಅಭಿಪ್ರಾಯ ಕೇಳುವುದಾದರೆ, ಮೊದಲ 2 ವರ್ಷ ನೀವು ಅಲ್ಲೇ ನಿಲ್ಲಬೇಕು. ಆಗದಿದ್ದರೆ ಈ ಯೋಜನೆ ಮುಂದಕ್ಕೆ ಹಾಕಿ.

ಹೆಂಡತಿ, ಮಗಳನ್ನು ಧಾರಾಳ ಕರೆಸಿಕೊಳ್ಳಬಹುದು. ನಿಮ್ಮ ರೆಸಿಡೆನ್ಸ್ ಆದ ಮೇಲೆ ನೀವೇ ಅವರಿಗೆ ಸ್ಪಾನ್ಸರ್. ಮದುವೆ ಸರ್ಟಿಫಿಕೇಟ್ ಮತ್ತು ಮಗಳ ಜನನ ಪ್ರಮಾಣಪತ್ರಕ್ಕೆ ರಾಜ್ಯ ಸರ್ಕಾರ, ದೆಹಲಿಯ ವಿದೇಶಾಂಗ ಇಲಾಖೆ, ಯುಎಇ ರಾಯಭಾರ ಕಚೇರಿ, ಕೊನೆಗೆ ಅಲ್ಲಿನ ವಿದೇಶಾಂಗ ಇಲಾಖೆ ಹೀಗೆ ಸಾಲಾಗಿ ಮುದ್ರೆ ಬೀಳಬೇಕು. ದೇವಸ್ಥಾನದ ಅಥವಾ ಕಲ್ಯಾಣ ಮಂಟಪದ ರಸೀದಿ ನಡೆಯುವುದಿಲ್ಲ, ಸಬ್ ರಿಜಿಸ್ಟ್ರಾರ್ ಕಚೇರಿಯ ನೋಂದಣಿ ಬೇಕು. ಆಗಿಲ್ಲದಿದ್ದರೆ ಈ ವಾರವೇ ಶುರು ಮಾಡಿ. ಇಬ್ಬರಿಗೂ ಆರೋಗ್ಯ ವಿಮೆ ನೀವೇ ಮಾಡಿಸಬೇಕು. ಅಲ್ಲಿನ ಭಾರತೀಯ ಶಾಲೆಗಳು ಏಪ್ರಿಲ್‌ನಲ್ಲಿ ಶುರುವಾಗುತ್ತವೆ, ಎಲ್ಲ ಖಾಸಗಿ, ಫೀಸು ಕೈಕಚ್ಚುತ್ತದೆ. ಅಂಗಡಿ ನಿಂತ ಮೇಲೆ ಅವರನ್ನು ಕರೆಸಿ.

ಇನ್ನೊಂದು ಸಣ್ಣ ವಿಷಯ, ನಮ್ಮ ಕಡೆಯವರಿಗೆ ಮಾತ್ರ ಹೆಚ್ಚು ತಾಗುವಂಥದ್ದು. ನಮ್ಮಲ್ಲಿ ಎಷ್ಟೋ ಜನರ ಪಾಸ್‌ಪೋರ್ಟ್‌ನಲ್ಲಿ ಒಂದೇ ಹೆಸರು ಇರುತ್ತದೆ, ಸರ್‌ನೇಮ್ ಜಾಗ ಖಾಲಿ. 2022ರ ನವೆಂಬರ್‌ನಿಂದ ಯುಎಇ ಇದಕ್ಕೆ ತಕರಾರು ಮಾಡುತ್ತಿದೆ. ನಿಮ್ಮದು, ಮನೆಯವರದ್ದು, ಮಗಳದ್ದು ಮೂರೂ ಪಾಸ್‌ಪೋರ್ಟ್ ಈಗಲೇ ತೆಗೆದು ನೋಡಿ. ಖಾಲಿ ಇದ್ದರೆ ತಿದ್ದಿಸಿಕೊಂಡು, ಅದೇ ಹೆಸರು ಸರ್ಟಿಫಿಕೇಟ್‌ಗಳಲ್ಲೂ ಹೊಂದುವ ಹಾಗೆ ಮಾಡಿ.

ಏಜೆಂಟರನ್ನು ಪೂರ್ತಿ ಬಿಡಿ ಅಂತ ಹೇಳುತ್ತಿಲ್ಲ. ಕೆಲಸ ಗೊತ್ತಿರುವವರು ಬೇಕಾಗುತ್ತದೆ. ಅವರಿಗೆ ಎರಡು ಪ್ರಶ್ನೆ ಕೇಳಿ, ಉತ್ತರ ಬರೆದು ಕೊಡಲು ಹೇಳಿ: ಲೈಸೆನ್ಸ್‌ನಲ್ಲಿ ವ್ಯಾಪಾರದ ಹೆಸರು ಏನಂತ ಇರುತ್ತದೆ, ಆ ಲೈಸೆನ್ಸ್ ಮೇಲೆ ಕರಾಮಾದ ಅಂಗಡಿಗೆ ಇಜಾರಿ ಆಗುತ್ತದಾ? ಉತ್ತರ ಬರಲಿಲ್ಲ ಅಂದರೆ ಅಲ್ಲಿಗೆ ಬಿಡಿ.

ಮುಂದಿನ ಜುಲೈನಲ್ಲಿ ಒಂದು ತಿಂಗಳು ವಿಸಿಟ್ ವೀಸಾದಲ್ಲಿ ಹೋಗಿ ಭಾವನ ಮನೆಯಲ್ಲಿ ಇರಿ. ಶಾಲೆಗೆ ರಜೆ, ಸಂಸಾರಗಳೆಲ್ಲ ಊರಿಗೆ ಬಂದಿರುತ್ತವೆ, ಹೊರಗೆ ಕಾಲಿಡಲಾಗದ ಸೆಖೆ. ಅಲ್ಲಿ ವ್ಯಾಪಾರ ಅತಿ ಕಡಿಮೆ ಇರುವ ಸಮಯ ಅದು. ನಿಮ್ಮ ಕಣ್ಣಿಗೆ ಬಿದ್ದ ಅಂಗಡಿಯ ಎದುರು ಬೆಳಿಗ್ಗೆ 6ರಿಂದ 10, ಸಂಜೆ 5ರಿಂದ 11 ಕೂತು, ಎಷ್ಟು ಜನ ಒಳಗೆ ಹೋದರು, ಎಷ್ಟು ಡೆಲಿವರಿ ಬೈಕ್ ಬಂತು ಅಂತ ಬರೆದುಕೊಳ್ಳಿ. 12 ವರ್ಷ ಗಲ್ಲೆಯಲ್ಲಿ ಕೂತವರು ನೀವು, ಆ ಸಂಖ್ಯೆ ನೋಡಿದರೆ ದಿನದ ವ್ಯಾಪಾರ ಎಷ್ಟು ಅಂತ ನಿಮಗೇ ಗೊತ್ತಾಗುತ್ತದೆ. ಆ ಲೆಕ್ಕ ಮತ್ತು ಅಂಗಡಿಯ ಅಡುಗೆಮನೆಯ ಫೋಟೋ ಇಟ್ಟುಕೊಂಡು ನನಗೆ ಮತ್ತೆ ಬರೆಯಿರಿ. ಸಹಿ ಹಾಕುವ ಮೊದಲು ಜೊತೆಗೆ ಕೂತು ನೋಡೋಣ.